ಅಲ್ಲಿ ಯುದ್ಧ ಮುಗಿಯಿತು, ಇಲ್ಲಿ ಹತ್ತಿಯ ಬೆಲೆ ಬಿತ್ತು

1865ರ ಏಪ್ರಿಲ್ ತಿಂಗಳು. ರೋಣ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂದಿತ್ತು. ಮನೆಯ ಪಡಸಾಲೆ, ಅಟ್ಟ, ದನದ ಕೊಟ್ಟಿಗೆಯ ಮೂಲೆ, ಎಲ್ಲೆಲ್ಲೂ ಹತ್ತಿ. ಅಂಡಿಗೆ ತುಂಬಿದ ಬಂಡಿಗಳು ಗದಗು, ಹುಬ್ಬಳ್ಳಿಯ ಹಾದಿ ಹಿಡಿದಿದ್ದವು. ಹಿಂದಿನ ಮೂರು ವರ್ಷ ಬಂದಂತೆ ಈ ವರ್ಷವೂ ಬಂಗಾರದ ಬೆಲೆ ಬರುತ್ತದೆಂದು ರೈತ ನಂಬಿದ್ದ. ಆ ನಂಬಿಕೆಯ ಮೇಲೆ ಸಾಲ ಮಾಡಿದ್ದ, ಮಗಳ ಮದುವೆ ನಿಶ್ಚಯಿಸಿದ್ದ, ಎತ್ತು ಕೊಂಡಿದ್ದ.

ಅದೇ ತಿಂಗಳ 9ನೇ ತಾರೀಖು, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಅಪೊಮ್ಯಾಟಕ್ಸ್ ಎಂಬ ಸಣ್ಣ ಊರಿನ ಒಂದು ಮನೆಯಲ್ಲಿ ಇಬ್ಬರು ಸೇನಾಪತಿಗಳು ಎದುರುಬದುರು ಕುಳಿತರು. ದಕ್ಷಿಣದ ಸೇನೆಯ ಲೀ, ಉತ್ತರದ ಸೇನೆಯ ಗ್ರ್ಯಾಂಟ್‌ಗೆ ಶರಣಾದ. ನಾಲ್ಕು ವರ್ಷ ನಡೆದ ಅಮೆರಿಕದ ಅಂತರ್ಯುದ್ಧ ಮುಗಿಯುವ ಹಂತಕ್ಕೆ ಬಂತು. ಅಣ್ಣತಮ್ಮಂದಿರೇ ಕಾದಾಡಿದ ಆ ಯುದ್ಧ ನಿಂತಿತೆಂದು ಜಗತ್ತು ನಿಟ್ಟುಸಿರು ಬಿಟ್ಟಿತು.

ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಮಾತ್ರ ಆ ಸುದ್ದಿ ಬೇರೆಯೇ ರೂಪದಲ್ಲಿ ಬಂದು ತಲುಪಿತು. ಅದು ಬಂದದ್ದು ಅಡತಿ ಅಂಗಡಿಯ ಮೂಲಕ. ಹತ್ತಿಯ ದರ ಬಿದ್ದಿದೆ ಎಂಬ ಒಂದೇ ಮಾತಾಗಿ.

ಕೋಟೆ ಬಿದ್ದ ಊರು

ಈ ಕಥೆ ತಿಳಿಯಬೇಕಾದರೆ ಏಳು ವರ್ಷ ಹಿಂದಕ್ಕೆ, ನರಗುಂದದ ಗುಡ್ಡದ ಬುಡಕ್ಕೆ ಹೋಗಬೇಕು. ಬಯಲಿನ ನಡುವೆ ಒಂಟಿಯಾಗಿ ನಿಂತ ಆ ಗುಡ್ಡ ಹರದಾರಿ ದೂರದಿಂದಲೇ ಕಾಣುತ್ತದೆ. 1858ರಲ್ಲಿ ಅಲ್ಲಿಯ ಅರಸ ಭಾಸ್ಕರರಾವ್ ಭಾವೆ. ಜನರ ಬಾಯಲ್ಲಿ ಬಾಬಾಸಾಹೇಬ. ಮಕ್ಕಳಿಲ್ಲದ ಆತನಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಬಂತು. ಆ ವರ್ಷದ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಉರುಳಿತು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಪಡೆ ನರಗುಂದವನ್ನು ಹಿಡಿಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಆತನ ತಾಯಿ ಮತ್ತು ಹೆಂಡತಿ ಮಲಪ್ರಭೆಯ ಪಾಲಾದರು. ಆತ ಪ್ರೀತಿಯಿಂದ ಕೂಡಿಸಿದ್ದ ಸಂಸ್ಕೃತ ಗ್ರಂಥಗಳ ಭಂಡಾರ ಲೂಟಿಯಲ್ಲಿ ಹಾಳಾಯಿತು.

ಅದೇ ವರ್ಷದ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿತ್ತು. ಕಂಪನಿಯ ಆಳಿಕೆ ಹೋಗಿ ರಾಣಿಯ ಆಳಿಕೆ ಬಂತು. ಮುಂದೆ ಅರಸರಿಗೆ ದತ್ತಕದ ಹಕ್ಕನ್ನೂ ಒಪ್ಪಲಾಯಿತು. ಯಾವುದಕ್ಕಾಗಿ ನರಗುಂದದ ಮನೆತನ ಉರಿದುಹೋಯಿತೋ ಅದನ್ನು ಉಳಿದವರಿಗೆ ತಾನಾಗಿಯೇ ಕೊಡಲಾಯಿತು.

ಸಂಸ್ಥಾನ ಧಾರವಾಡ ಜಿಲ್ಲೆಯೊಳಗೆ ಸೇರಿಹೋಯಿತು. ಊರಿನ ಒಕ್ಕಲು ಮಕ್ಕಳು ಮತ್ತೆ ಹೊಲಕ್ಕೆ ಹೋದರು. ಕಂದಾಯ ಕಟ್ಟುವ ಕಚೇರಿ ಬದಲಾಯಿತು, ಕಂದಾಯ ತಪ್ಪಲಿಲ್ಲ. ಮೂರೇ ವರ್ಷಗಳಲ್ಲಿ ಆ ಹೊಲಗಳ ಮೇಲೆ ಇಡೀ ಬ್ರಿಟಿಷ್ ಸಾಮ್ರಾಜ್ಯದ ಕಣ್ಣು ಬಿತ್ತು.

ಸಾಗರದಾಚೆಯ ಬೀಜ

ಈ ಸೀಮೆಯ ಎರೆಭೂಮಿಗೆ ಹತ್ತಿ ಹೊಸದಲ್ಲ. ಹಿಂಗಾರಿಯಲ್ಲಿ ಜೋಳ, ಗೋದಿ, ಕಡಲೆ, ಕುಸುಬಿಯ ಜೊತೆಗೆ ಹತ್ತಿಯೂ ತಲತಲಾಂತರದಿಂದ ಇತ್ತು. ಅದನ್ನು ಜವಾರಿ ಹತ್ತಿ ಎನ್ನುತ್ತಿದ್ದರು. ಅದರ ಎಳೆ ಗಿಡ್ಡ. ಮಗ್ಗಕ್ಕೆ ಸಾಕು, ಮ್ಯಾಂಚೆಸ್ಟರಿನ ಗಿರಣಿಗೆ ಸಾಲದು. ಆದ್ದರಿಂದ 1840ರ ದಶಕದಲ್ಲಿ ಸರಕಾರ ಅಮೆರಿಕದ ತೋಟಗಾರರನ್ನು ಕರೆಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗ ನಡೆಸಿತು. ಆಗಿನ ಧಾರವಾಡದ ಕಲೆಕ್ಟರ್ ಷಾ ಆ ಬೀಜ ಹರಡಲು ಬಹಳ ಶ್ರಮಪಟ್ಟರು. ನ್ಯೂ ಆರ್ಲಿಯನ್ಸ್‌ನಿಂದ ಬಂದ ಆ ತಳಿ ದೇಶದ ಅನೇಕ ಕಡೆ ಸೋತು, ಧಾರವಾಡ ಸೀಮೆಯಲ್ಲಿ ನೆಲೆ ನಿಂತಿತು. ಜನ ಅದಕ್ಕೆ ವಿಲಾಯತಿ ಹತ್ತಿ ಎಂದರು. ಪೇಟೆಯಲ್ಲಿ ಅದರ ಹೆಸರು ಧಾರವಾಡ-ಅಮೆರಿಕನ್.

ಜವಾರಿ ಹತ್ತಿಯ ಬೀಜ ತೆಗೆಯುವುದು ಮನೆಯ ಹೆಣ್ಣುಮಕ್ಕಳ ಕೆಲಸವಾಗಿತ್ತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಮೇಲೊಂದು ಕಬ್ಬಿಣದ ಸಲಾಕೆ ಇಟ್ಟು, ಮಣೆಯ ಮೇಲೆ ಕುಳಿತು ಅದನ್ನು ಪಾದದಿಂದ ಉರುಳಿಸಬೇಕು. ಬೀಜ ಮುಂದೆ ಬೀಳುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಹತ್ತಿಕಾಳು ಎಮ್ಮೆಗೆ, ಅರಳೆ ಪೇಟೆಗೆ. ವಿಲಾಯತಿ ಹತ್ತಿಯ ಬೀಜ ಮಾತ್ರ ಎಳೆಯನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಅದಕ್ಕೆ ಗರಗಸದ ಹಲ್ಲಿನ ಯಂತ್ರಗಳು ಬಂದವು. ಅವುಗಳನ್ನು ದುರಸ್ತಿ ಮಾಡಲೆಂದೇ ಧಾರವಾಡದಲ್ಲಿ ಸರಕಾರ ಒಂದು ಕಾರಖಾನೆ ನಡೆಸುತ್ತಿತ್ತು.

ಗುಂಡಿನ ಸದ್ದು, ಹಣದ ಸದ್ದು

1861ರ ಏಪ್ರಿಲ್ 12ರಂದು ಅಮೆರಿಕದ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಗುಲಾಮರನ್ನು ಇಟ್ಟುಕೊಂಡು ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ರಾಜ್ಯಗಳು ಒಂದು ಕಡೆ. ಒಕ್ಕೂಟ ಒಡೆಯಬಾರದೆಂದು ನಿಂತ ಅಧ್ಯಕ್ಷ ಲಿಂಕನ್‌ರ ಉತ್ತರದ ರಾಜ್ಯಗಳು ಇನ್ನೊಂದು ಕಡೆ. ಒಂದೇ ವಾರದಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಸಾರಿದರು. ಹತ್ತಿಯ ಹಡಗುಗಳು ನಿಂತವು.

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಗಿರಣಿಗಳು ತಮಗೆ ಬೇಕಾದ ಹತ್ತಿಯ ನಾಲ್ಕರಲ್ಲಿ ಮೂರು ಪಾಲನ್ನು ಅಮೆರಿಕದಿಂದಲೇ ತರಿಸುತ್ತಿದ್ದವು. ಅದು ನಿಂತಾಗ ಗಿರಣಿಗಳೂ ನಿಂತವು. 1862ರ ಚಳಿಗಾಲದ ಹೊತ್ತಿಗೆ ಅಲ್ಲಿ ಲಕ್ಷಾಂತರ ಜನ ಗಂಜಿಕೇಂದ್ರದ ಮುಂದೆ ಸಾಲು ನಿಂತಿದ್ದರು. ಇಂಗ್ಲಿಷ್ ಚರಿತ್ರೆಯಲ್ಲಿ ಅದಕ್ಕೆ ಹತ್ತಿಯ ಬರಗಾಲ ಎಂದೇ ಹೆಸರು. ಗಿರಣಿಯ ಮಾಲೀಕರು ಭೂಪಟ ಬಿಡಿಸಿ ನೋಡಿದರು. ಅವರ ಬೆರಳು ಬಂದು ನಿಂತ ಜಾಗಗಳಲ್ಲಿ ಧಾರವಾಡ ಜಿಲ್ಲೆಯೂ ಒಂದು.

ಲಿವರ್‌ಪೂಲಿನಲ್ಲಿ ಪೌಂಡಿಗೆ 7-8 ಪೆನ್ಸ್ ಇದ್ದ ಅಮೆರಿಕದ ಹತ್ತಿ 1864ರ ಬೇಸಿಗೆಯ ಹೊತ್ತಿಗೆ 30 ಪೆನ್ಸಿನ ಆಸುಪಾಸಿಗೆ ಏರಿತು. ಭಾರತದ ಹತ್ತಿಯೂ ಅದರ ಬೆನ್ನು ಹತ್ತಿ ಏರಿತು. ರೋಣದಿಂದ, ನರಗುಂದದಿಂದ ಹೊರಟ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದವು. ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬಯಿ. ಮುಂಬಯಿಯಿಂದ ಆಫ್ರಿಕ ಖಂಡವನ್ನು ಸುತ್ತಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಲಿವರ್‌ಪೂಲ್. ಸುಯೆಜ್ ಕಾಲುವೆ ಆಗಿನ್ನೂ ತೆರೆದಿರಲಿಲ್ಲ. ಅದು ತೆರೆದದ್ದು 1869ರಲ್ಲಿ. ಧಾರವಾಡದ ಹತ್ತಿಗೆ ಪೇಟೆಯಲ್ಲಿ ಕುಮಟಾ ಎಂಬ ಹೆಸರು ಅಂಟಿಕೊಂಡದ್ದು ಆ ಬಂದರಿನಿಂದಲೇ.

ಹತ್ತಿಯ ಸಲುವಾಗಿ ಜಿಲ್ಲೆಯ ಗಡಿಗಳೇ ಬದಲಾದವು. ಮದರಾಸು ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ಬಂದರು, ಅದಕ್ಕೆ ಹೋಗುವ ಘಟ್ಟದ ರಸ್ತೆ, ಹತ್ತಿ ಬೆಳೆಯುವ ಬಯಲು, ಎಲ್ಲವೂ ಒಂದೇ ಸರಕಾರದ ಕೈಯಲ್ಲಿರಲಿ ಎಂಬುದು ಅದರ ಹಿಂದಿದ್ದ ಬಲವಾದ ಕಾರಣ. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಟ್ಟಿದ ಕಂಪನಿಯೊಂದು ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿತು. ಯಂತ್ರ ಬಂದಾಗ ರಸ್ತೆ ಇನ್ನೂ ಸಿದ್ಧವಿರಲಿಲ್ಲ!

ಹಣದ ಆಸೆ ಮೋಸವನ್ನೂ ಕಲಿಸಿತು. ವಿಲಾಯತಿ ಹತ್ತಿಯಲ್ಲಿ ಜವಾರಿ ಬೆರೆಸುವುದು, ಅಂಡಿಗೆಯಲ್ಲಿ ಕಾಳು, ಕಸ ಸೇರಿಸುವುದು, ತೂಕ ಹೆಚ್ಚಿಸಲು ನೀರು ಚಿಮುಕಿಸುವುದು ಸಾಮಾನ್ಯವಾಯಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಕಲಬೆರಕೆ ತಡೆಯಲೆಂದೇ ಒಂದು ಕಾಯಿದೆ ಮಾಡಿ ಇನ್‌ಸ್ಪೆಕ್ಟರುಗಳನ್ನು ನೇಮಿಸಬೇಕಾಯಿತು.

ಒಂದೇ ಬೆಲೆ, ಎರಡು ಮನೆ

ಮೂರು ಸುಗ್ಗಿಗಳ ಕಾಲ ಎರೆಸೀಮೆಯ ಮನೆಗಳಲ್ಲಿ ಹಿಂದೆಂದೂ ಕಾಣದ ರೊಕ್ಕ ಓಡಾಡಿತು. ನಾಗಪುರದ ಕಡೆಯ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂದು ಆ ಕಾಲದ ಅಧಿಕಾರಿಗಳು ಬರೆದಿಟ್ಟಿದ್ದಾರೆ. ರೊಕ್ಕ ಬಂದಾಗ ಅದನ್ನು ಆಭರಣ ಮಾಡಿ ಇಡುವುದೇ ಬ್ಯಾಂಕಿಲ್ಲದ ಕಾಲದ ಉಳಿತಾಯ. ಹೆಂಡತಿಯ ಕೈಯ ಪಾಟಲಿ, ಮಗಳ ಕೊರಳಿನ ಬೋರಮಾಳ, ಇವೇ ಮನೆಯ ತಿಜೋರಿ.

ಆದರೆ ಎಲ್ಲ ಮನೆಗಳಲ್ಲೂ ದೀಪ ಹೊತ್ತಲಿಲ್ಲ. ರೋಣದಿಂದ ಪೂರ್ವಕ್ಕೆ ಗಜೇಂದ್ರಗಡ. ಘೋರ್ಪಡೆ ಮನೆತನದ ಕೋಟೆಯ ಊರು, ಜೊತೆಗೆ ನೇಕಾರರ ಊರು. ನೇಕಾರನಿಗೆ ಹತ್ತಿಯೇ ಕಚ್ಚಾ ಮಾಲು. ಹತ್ತಿ ಏರಿದರೆ ನೂಲು ಏರುತ್ತದೆ. ನೂಲಿನ ಬೆಲೆಯಲ್ಲಿ ಸೀರೆ ಮಾರಲು ಹೋದರೆ ಕೊಳ್ಳುವವರಿಲ್ಲ. ದಕ್ಷಿಣ ಭಾರತದ ಮಗ್ಗದ ಊರುಗಳೆಲ್ಲ ಆ ವರ್ಷಗಳಲ್ಲಿ ಈ ಇಕ್ಕಟ್ಟಿಗೆ ಸಿಕ್ಕವು. ರೈತನ ಮನೆಯಲ್ಲಿ ಬೆಳ್ಳಿ ಬಂದ ದಿನವೇ ನೇಕಾರನ ಮನೆಯಲ್ಲಿ ಕುಣಿಯೊಳಗಿನ ಮಗ್ಗ ಸುಮ್ಮನಾಯಿತು.

ಇನ್ನೂ ಒಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಹತ್ತಿಯ ಸಾಲು ಹೆಚ್ಚಿದಂತೆ ಜೋಳದ ಸಾಲು ಕಡಿಮೆಯಾಯಿತು. ಎರೆಸೀಮೆಯ ಊರುಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ನೆಲದೊಳಗೆ ಅಗೆದ ಆ ಕಣಜ ಬರಗಾಲದ ವಿಮೆ ಇದ್ದ ಹಾಗೆ. ಹತ್ತಿಯ ರೊಕ್ಕದಿಂದ ಜೋಳವನ್ನು ಯಾವಾಗ ಬೇಕಾದರೂ ಕೊಳ್ಳಬಹುದೆಂಬ ಧೈರ್ಯ ಬಂದಮೇಲೆ ಹಗೇವಿನ ನೆನಪು ಯಾರಿಗೆ? ಕಾಳಿನ ದರವೂ ಏರುತ್ತಿತ್ತು. ಹೊಲವಿಲ್ಲದ ಕೂಲಿಯ ಮನೆಗೆ ಅದರ ಬಿಸಿ ಮೊದಲು ತಟ್ಟಿತು.

ಶಾಂತಿಯ ಸುದ್ದಿ

ಲೀ ಶರಣಾದ ಸುದ್ದಿ ಕೆಲವೇ ವಾರಗಳಲ್ಲಿ ಮುಂಬಯಿಗೆ ಮುಟ್ಟಿತು. ಪರ್ಷಿಯಾ ಕೊಲ್ಲಿಯ ಮೂಲಕ ಯುರೋಪಿಗೆ ತಂತಿ ಸಂಪರ್ಕ ಬಂದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ತಂತಿ ಹೊತ್ತು ತಂದ ಮೊದಮೊದಲ ದೊಡ್ಡ ಸುದ್ದಿಗಳಲ್ಲಿ ಹತ್ತಿಯ ಕುಸಿತವೂ ಒಂದು. ಅಮೆರಿಕದ ಬಂದರು ತೆರೆಯುತ್ತದೆ, ಒಳ್ಳೆಯ ಹತ್ತಿ ಮತ್ತೆ ಹರಿದು ಬರುತ್ತದೆ ಎಂಬ ನಿರೀಕ್ಷೆಯೇ ಸಾಕಾಯಿತು. ಲಿವರ್‌ಪೂಲಿನ ದರ ಶಿಖರದಲ್ಲಿದ್ದುದರ ಅರ್ಧಕ್ಕೆ ಇಳಿಯಿತು.

ಮುಂಬಯಿ ಆಗ ಷೇರು ಹುಚ್ಚಿನಲ್ಲಿ ಮುಳುಗಿತ್ತು. ಹತ್ತಿಯಿಂದ ಬಂದ ಹಣ ಸಮುದ್ರ ತುಂಬಿಸುವ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಬರೀ ಕಾಗದದ ಮೇಲಿದ್ದ ಸಂಸ್ಥೆಗಳಲ್ಲಿ ಸುರಿಯಲ್ಪಟ್ಟಿತ್ತು. ಆ ಆಟದ ಪ್ರಮುಖ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ವಾಯಿದೆಯ ಲೆಕ್ಕ ಚುಕ್ತಾ ಆಗಬೇಕಾಗಿದ್ದ 1865ರ ಜುಲೈ 1ರಂದು ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಬಿತ್ತು. ಮುಂದೆ ಆ ಬ್ಯಾಂಕೇ ಮುಚ್ಚಿತು.

ಮುಂಬಯಿಯ ಸೇಠ ಮುಳುಗಿದಾಗ ಹುಬ್ಬಳ್ಳಿಯ ದಲಾಲ ಕೈ ಎತ್ತಿದ. ದಲಾಲ ಕೈ ಎತ್ತಿದಾಗ ಹಳ್ಳಿಯ ಸಾವಕಾರ ರೈತನ ಬಾಗಿಲಿಗೆ ಬಂದ. ಈ ಸರಪಳಿಯ ಕೊನೆಯ ಕೊಂಡಿಗೆ ಮಾತ್ರ ಹಿಂದೆ ತಿರುಗಿ ಕೇಳಲು ಯಾರೂ ಇರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಉದಾಹರಣೆಗೆ, ಅಂಡಿಗೆಗೆ 100 ರೂಪಾಯಿ ಬರುವಾಗ ರೈತನೊಬ್ಬ 200 ರೂಪಾಯಿ ಸಾಲ ಮಾಡಿದನೆನ್ನಿ. ಎರಡು ಅಂಡಿಗೆ ಮಾರಿದರೆ ಸಾಲ ತೀರುತ್ತದೆ. ದರ 50 ರೂಪಾಯಿಗೆ ಇಳಿದರೆ ಅದೇ ಸಾಲಕ್ಕೆ ನಾಲ್ಕು ಅಂಡಿಗೆ ಬೇಕು. ಹೊಲ ಅಷ್ಟೇ, ದುಡಿಮೆ ಅಷ್ಟೇ, ಮಳೆ ಅಷ್ಟೇ. ಸಾಲ ಮಾತ್ರ ಕೂತಲ್ಲೇ ಎರಡು ಪಟ್ಟು ಬೆಳೆಯಿತು. ಇದರ ಮೇಲೆ ಬಡ್ಡಿ ಬೇರೆ. 1859ರ ಒಂದು ಕಾಯಿದೆಯ ಪ್ರಕಾರ ಸಾಲದ ಪತ್ರಕ್ಕೆ ಮೂರು ವರ್ಷದ ಅವಧಿ. ಅದು ಮುಗಿಯುವ ಮೊದಲು ಸಾವಕಾರ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದ. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಅಕ್ಷರ ಕಲಿಯುವುದು ಏಕೆ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಕೈಬಳೆ, ಕೊರಳಸರ ಬಂದ ದಾರಿಯಲ್ಲೇ ಮರಳಿ ಹೋದವು.

ಬರ ಬಂದಾಗ

ಅಲ್ಲಿಗೇ ಮುಗಿದಿದ್ದರೆ ಮರೆಯಬಹುದಿತ್ತು. ಧಾರವಾಡ ಜಿಲ್ಲೆಯ ಮೊದಲ ಸರ್ವೆಯ ಮೂವತ್ತು ವರ್ಷಗಳ ಅವಧಿ 1870ರ ದಶಕದಲ್ಲಿ ಮುಗಿಯಿತು. ಹೊಸ ಕಂದಾಯ ನಿಗದಿ ಮಾಡುವಾಗ ಅಧಿಕಾರಿಗಳು ನೋಡಿದ್ದು ಹಿಂದಿನ ವರ್ಷಗಳಲ್ಲಿ ಬೆಲೆಗಳು ಎಷ್ಟು ಏರಿದ್ದವು ಎಂಬುದನ್ನು. ಯುದ್ಧಕಾಲದ ದರಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಕಂದಾಯ ಏರಿತು.

ಹಿಂದೆಯೇ 1876ರಲ್ಲಿ ಮಳೆ ಕೈಕೊಟ್ಟಿತು. ದಕ್ಷಿಣ ಭಾರತವನ್ನೆಲ್ಲ ಹಿಂಡಿದ ಆ ಬರಗಾಲ 1878ರವರೆಗೆ ಎಳೆಯಿತು. ಧಾರವಾಡ ಜಿಲ್ಲೆಯ ಪೂರ್ವದ ಬಯಲು ಅದರ ಪೆಟ್ಟಿಗೆ ಎದೆಯೊಡ್ಡಿ ನಿಂತಿತ್ತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಇಳಿದಿತ್ತು. ಹತ್ತಿಯೇ ಎಲ್ಲಕ್ಕೂ ಕಾರಣ ಎಂದರೆ ತಪ್ಪಾಗುತ್ತದೆ. ಮಳೆ ಬಾರದ್ದು ದೈವ. ಆದರೆ ಬರ ಬಂದಾಗ ಮನೆಯಲ್ಲಿ ಸಾಲದ ಪತ್ರ ಇದೆಯೋ, ಹಗೇವಿನಲ್ಲಿ ಜೋಳ ಇದೆಯೋ ಎಂಬುದು ದೈವದ ಕೆಲಸವಲ್ಲ.

ಪುಣೆ, ಅಹಮದ್‌ನಗರದ ಕಡೆ 1875ರಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಅದರ ವಿಚಾರಣೆ ನಡೆಸಿದವರು ತೋರಿಸಿದ ಕಾರಣಗಳಲ್ಲಿ ಹತ್ತಿಯ ಏರಿಳಿತವೂ ಇತ್ತು. 1879ರಲ್ಲಿ ಆ ಕಡೆಯ ನಾಲ್ಕು ಜಿಲ್ಲೆಗಳ ರೈತರ ರಕ್ಷಣೆಗೆ ಕಾಯಿದೆ ಬಂತು. ಧಾರವಾಡ ಆ ನಾಲ್ಕರಲ್ಲಿ ಇರಲಿಲ್ಲ.

ಹತ್ತಿಗಾಗಿ ಬೇಕೆಂದಿದ್ದ ದಾರಿ ಕೊನೆಗೂ ಬಂತು. 1884ರಲ್ಲಿ ಗದಗು-ಹೊಟಗಿ ರೈಲು ಓಡಿತು. ರೋಣ ಸೀಮೆಯ ಮಲ್ಲಾಪುರದಲ್ಲಿ, ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ನಿಲ್ದಾಣಗಳಾದವು. ಆ ಹೊತ್ತಿಗೆ ಯುದ್ಧ ಮುಗಿದು ಹತ್ತೊಂಬತ್ತು ವರ್ಷ. ಕುಮಟಾ ಬಂದರಿನ ಹತ್ತಿ ವ್ಯಾಪಾರ ರೈಲಿನ ಪಾಲಾಯಿತು. ಘಟ್ಟದ ಬಂಡಿಕಾರರ ಮನೆಗಳಲ್ಲಿ ಮತ್ತೊಂದು ಕಥೆ ಶುರುವಾಯಿತು.

ಎರಡು ಸತ್ಯಗಳು

ಅಮೆರಿಕದ ಯುದ್ಧ ಮುಗಿದದ್ದು ಕೆಟ್ಟ ಸುದ್ದಿಯೇ? ಖಂಡಿತ ಅಲ್ಲ. ಆ ಯುದ್ಧದ ಕೊನೆ ಸುಮಾರು 40 ಲಕ್ಷ ಗುಲಾಮರಿಗೆ ಬಿಡುಗಡೆ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗುಲಾಮಗಿರಿಯನ್ನು ಆ ದೇಶದ ಸಂವಿಧಾನವೇ ನಿಷೇಧಿಸಿತು. ಹತ್ತಿಯ ಹೊಲದಲ್ಲಿ ಚಾಟಿಯೇಟು ತಿಂದು ದುಡಿಯುತ್ತಿದ್ದ ತಾಯಿ, ತನ್ನ ಮಗುವನ್ನು ಯಾರೂ ಮಾರಲಾರರೆಂದು ಮೊದಲ ಬಾರಿ ನಿಶ್ಚಿಂತೆಯಿಂದ ಮಲಗಿದಳು. ಆಕೆಗೂ ರೋಣದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಗಳಿಗೂ ಕೆಲಸ ಒಂದೇ. ಒಬ್ಬರಿಗೊಬ್ಬರ ಹೆಸರು ಗೊತ್ತಿಲ್ಲ. ಒಬ್ಬಳ ಮನೆಗೆ ಬೆಳಕು ತಂದ ದಿನ ಇನ್ನೊಬ್ಬಳ ಮನೆಯ ಬಳೆ ಬಿಚ್ಚಿಸಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಪಠ್ಯಪುಸ್ತಕದಲ್ಲಿ ಅಮೆರಿಕದ ಅಂತರ್ಯುದ್ಧ ಒಂದು ಪಾಠ, ನರಗುಂದದ ಬಂಡಾಯ ಇನ್ನೊಂದು ಪಾಠ, ಎರೆಮಣ್ಣು ಮತ್ತು ಹತ್ತಿ ಭೂಗೋಳದ ಮೂರನೆಯ ಪಾಠ. ಎರೆಸೀಮೆಯ ಒಂದು ಒಕ್ಕಲು ಮನೆಯಲ್ಲಿ ಈ ಮೂರೂ ಒಂದೇ ಪಾಠವಾಗಿದ್ದವು. ಅಲ್ಲಿ ಏಳು ವರ್ಷಗಳ ಅಂತರದಲ್ಲಿ ಎರಡು ಯುದ್ಧಗಳ ಕೊನೆ ಬಂದು ಹೋಯಿತು. ಮೊದಲನೆಯದು ಕತ್ತಿ, ಬಂದೂಕು ಹಿಡಿದು ಎದುರಿಗೇ ಬಂತು. ಅದರ ಲಾವಣಿ ಹಾಡಿದರು, ಗುಡ್ಡ ತೋರಿಸಿ ಮಕ್ಕಳಿಗೆ ಹೇಳಿದರು. ಎರಡನೆಯದು ತಕ್ಕಡಿ ಹಿಡಿದು ಬಂತು. ಅದಕ್ಕೆ ಕೋಟೆಯಿಲ್ಲ, ಸ್ಮಾರಕವಿಲ್ಲ. ಸೋತವರಿಗೆ ತಾವು ಸೋತದ್ದು ಯಾರಿಗೆ ಎಂಬುದೂ ತಿಳಿಯಲಿಲ್ಲ.

ಈ ಪಾಠ ಮುಗಿದಿಲ್ಲ ಎಂಬುದಕ್ಕೆ ನರಗುಂದವೇ ಸಾಕ್ಷಿ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಹೊರಬಂತು. ಮಲಪ್ರಭೆಯ ಕಾಲುವೆಯ ನೀರೂ ಬಂತು. ಮತ್ತೆ ಬಯಲು ಬೆಳ್ಳಗಾಯಿತು, ಮತ್ತೆ ಸಾಲ ಬೆಳೆಯಿತು. ದರ ಕುಸಿದ ಹೊತ್ತಿನಲ್ಲಿ ನೀರಾವರಿಯ ಅಭಿವೃದ್ಧಿ ಕರವನ್ನೂ ಕಟ್ಟಬೇಕೆಂದಾಗ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವೆಂದು ನೆನೆಯುತ್ತಾರೆ.

ಇಂದು ರೋಣ, ನರಗುಂದ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಅಲ್ಲಿಯ ಮಕ್ಕಳು ಯಾವ ಯುದ್ಧದ ಸುದ್ದಿಯನ್ನಾದರೂ ಕೈಯಲ್ಲೇ ಹಿಡಿದು ನೋಡಬಲ್ಲರು. ಯಾರು ಗೆದ್ದರು, ಯಾರು ಸೋತರು ಎಂದು ಕೇಳುವುದು ಸಹಜ. ಅದರ ಜೊತೆಗೆ ಅಪ್ಪ-ಅವ್ವನ ಬಳಿ ಕುಳಿತು ಇನ್ನೊಂದು ಪ್ರಶ್ನೆಯನ್ನೂ ಕೇಳಿದರೆ ಒಳ್ಳೆಯದು: ಈ ವರ್ಷ ಪೇಟೆಗೆ ಎಷ್ಟು ಬಿತ್ತಿದ್ದೇವೆ, ಮನೆಗೆ ಎಷ್ಟು ಉಳಿಸಿದ್ದೇವೆ? 1865ರ ಬೇಸಿಗೆಯಲ್ಲಿ ಎರೆಸೀಮೆಯ ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಕೇಳಿದ್ದು ಮಕ್ಕಳಲ್ಲ, ಬಾಗಿಲಲ್ಲಿ ನಿಂತ ಸಾವಕಾರ.